ಸತ್ಯಾಂಶ: ಅಮಲಾ, ಕಮಲಾ ಮತ್ತು ಹೊಳೆಯುವ ಕಣ್ಣು

ಬಂಗಾಳದ ಕಾಡಿನಲ್ಲಿ ತೋಳಗಳು ಸಾಕಿದ ಇಬ್ಬರು ಹುಡುಗಿಯರು, ಕತ್ತಲಲ್ಲಿ ಅವರ ಕಣ್ಣು ಹೊಳೆಯುತ್ತಿತ್ತು ಎಂಬ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಓಡಾಡುತ್ತಿದೆ. ಸಮಾಜಶಾಸ್ತ್ರದ ಪಾಠದಲ್ಲೇ ಇದನ್ನು ಓದಿದವರಿದ್ದಾರೆ, ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಮಿಡ್ನಾಪುರದ ಅನಾಥಾಲಯದಲ್ಲಿ ಅಮಲಾ, ಕಮಲಾ ಇದ್ದದ್ದು ನಿಜ. ಒಬ್ಬಳು 1921ರಲ್ಲಿ, ಇನ್ನೊಬ್ಬಳು 1929ರಲ್ಲಿ ತೀರಿಕೊಂಡಳು. ಆದರೆ 1920ರಲ್ಲಿ ತೋಳದ ಬಿಲದಿಂದ ಅವರನ್ನು ಹಿಡಿದು ತಂದ ಕತೆ ನಿಂತಿರುವುದು ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಜೋಸೆಫ್ ಸಿಂಗ್ ಅವರ ಬರವಣಿಗೆಯ ಮೇಲೆಯೇ.

ಇನ್ನು ಕಣ್ಣು. ರಾತ್ರಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣು ಫಳಕ್ಕನೆ ಮಿಂಚುತ್ತದಲ್ಲ, ಅದಕ್ಕೆ ಕಣ್ಣೊಳಗೆ ಬೆಳಕು ಗ್ರಹಿಸುವ ಪೊರೆಯಾದ ಅಕ್ಷಿಪಟಲದ ಹಿಂದಿರುವ ಕನ್ನಡಿಯಂಥ ಪದರ ಕಾರಣ. ಮನುಷ್ಯರಿಗೆ ಆ ಪದರವೇ ಇಲ್ಲ. ತೋಳದ ಹಾಲು ಕುಡಿದರೆ ಬೆಳೆಯುವಂಥದ್ದೂ ಅಲ್ಲ! ಆ ಹುಡುಗಿಯರಿಗೆ ಮಾತು ಬಾರದಿದ್ದುದು, ಅವರು ಕೈಯೂರಿ ನಡೆದದ್ದು ಹುಟ್ಟಿನಿಂದ ಬಂದ ತೊಂದರೆ ಇರಬಹುದು ಎಂಬುದು ಕೆಲವು ಸಂಶೋಧಕರ ಅನುಮಾನ.