ಬರೀ ಪತ್ತೇದಾರಿಯಂತೆ!

ನಿನ್ನೆ ಸಂಜೆ ಹಾಸನದಲ್ಲಿ ಒಂದು ಪುಸ್ತಕ ಬಿಡುಗಡೆ. ಯಾವ ಸಭಾಂಗಣ, ಯಾರ ಪುಸ್ತಕ ಎಂದು ಕೇಳಬೇಡಿ. ಹೇಳಿದರೆ ನಾಳೆ ನಾನು ಅಂಗಡಿಯ ಬೀಗ ತೆಗೆಯುವ ಮೊದಲೇ ಜಗಳಕ್ಕೆ ಬಂದು ನಿಂತಿರುತ್ತಾರೆ. ಭಾಷಣಗಳೆಲ್ಲ ಮುಗಿದು, ಉಪ್ಪಿಟ್ಟು ಆರುತ್ತಿದೆಯಲ್ಲ ಎಂದು ಜನ ಹಿಂದಕ್ಕೆ ತಿರುಗಿ ನೋಡುತ್ತಿದ್ದ ಹೊತ್ತಿನಲ್ಲಿ, ಪದವಿ ಓದುತ್ತಿರುವ ಒಬ್ಬ ಹುಡುಗಿ ಎದ್ದು ನಿಂತಳು. ಹೊಯ್ಸಳರ ಕಾಲದ ದೋರಸಮುದ್ರದಲ್ಲಿ (ಇವತ್ತಿನ ಹಳೇಬೀಡು) ನಡೆಯುವ ಒಂದು ಕೊಲೆಯ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ, ಆ ಕಾಲದ ಊಟ, ಉಡುಪು ತಿಳಿಯಲು ಏನು ಓದಬೇಕು ಎಂದು ಕೇಳಿದಳು. ಮುಖ್ಯ ಅತಿಥಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಬರೀ ಪತ್ತೇದಾರಿಯೇನಮ್ಮಾ? ಓದಿಕೊಂಡವಳ ಹಾಗೆ ಕಾಣುತ್ತೀಯ, ಏನಾದರೂ ಗಂಭೀರವಾದದ್ದು ಬರೆ" ಎಂದರು. ಸಭೆ ನಕ್ಕಿತು. ಹುಡುಗಿ ಕುಳಿತಳು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ.

ಈ 'ಬರೀ' ಎಂಬ ಎರಡಕ್ಷರದ ಮೇಲೆ ನನಗೆ ಹಳೆಯ ಸಿಟ್ಟು.

ನನ್ನ ಔಷಧದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಸದಾ ಒಂದು ಪುಸ್ತಕ ಬೋರಲು ಬಿದ್ದಿರುತ್ತದೆ ಎಂಬುದು ನಿಮಗೆ ಗೊತ್ತು. ಹತ್ತರಲ್ಲಿ ಆರು ಸಲ ಅದು ಎಲಿಸ್ ಪೀಟರ್ಸ್ ಎಂಬ ಲೇಖಕಿಯ ಪತ್ತೇದಾರಿ. ನಿಜವಾದ ಹೆಸರು ಈಡಿತ್ ಪಾರ್ಜೆಟರ್. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ 1913ರಲ್ಲಿ ಹುಟ್ಟಿದ ಹೆಂಗಸು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಶಾಲೆ ಮುಗಿಸಿದ ಮೇಲೆ ಏಳು ವರ್ಷ ಏನು ಮಾಡುತ್ತಿದ್ದರು ಹೇಳಿ? ಪಕ್ಕದ ಊರಿನ ಔಷಧದ ಅಂಗಡಿಯಲ್ಲಿ ಸಹಾಯಕಿ! ಇದನ್ನು ಮೊದಲ ಸಲ ಓದಿದ ದಿನ ನಾನು ಒಬ್ಬ ಗಿರಾಕಿಗೆ ಕೆಮ್ಮಿನ ಔಷಧಿಯ ಬದಲು ಬಾಯಿ ಮುಕ್ಕಳಿಸುವ ದ್ರಾವಣ ಕೊಟ್ಟುಬಿಟ್ಟಿದ್ದೆ. (ಅವರು ಬಾಟಲಿ ತೆರೆಯುವ ಮೊದಲೇ ಓಡಿಹೋಗಿ ಬದಲಾಯಿಸಿಕೊಟ್ಟೆ, ಗಾಬರಿಯಾಗಬೇಡಿ.)

ಮೊದಲ ಕಾದಂಬರಿ 1936ರಲ್ಲಿ. ಆಮೇಲೆ ಯುದ್ಧ ಬಂತು, ನೌಕಾಪಡೆಯ ಮಹಿಳಾ ವಿಭಾಗ ಸೇರಿದರು, ಪದಕವನ್ನೂ ಪಡೆದರು. ಚೆಕ್ ಭಾಷೆ ಕಲಿತು ಅಲ್ಲಿಯ ಕಥೆ, ಕಾದಂಬರಿಗಳನ್ನು ಇಂಗ್ಲಿಷಿಗೆ ತಂದರು. ಇದರ ಜೊತೆಗೆ ಸ್ವಂತ ಐತಿಹಾಸಿಕ ಕಾದಂಬರಿಗಳು, ಪತ್ತೇದಾರಿ ಕಾದಂಬರಿಗಳು, ಸಾಲು ಸಾಲಾಗಿ. ಆದರೆ ಜಗತ್ತು ಇವತ್ತು ಅವರನ್ನು ನೆನೆಯುವುದು ಯಾವುದಕ್ಕೆ? ಬ್ರದರ್ ಕ್ಯಾಡ್‌ಫೆಲ್ ಎಂಬ ಸನ್ಯಾಸಿ ಪತ್ತೇದಾರನಿಗೆ. ಅವನ ಮೊದಲ ಕಾದಂಬರಿ ಬಂದದ್ದು 1977ರಲ್ಲಿ. ಆಗ ಆಕೆಗೆ 63. ನಮ್ಮಲ್ಲಿ ಆ ವಯಸ್ಸಿಗೆ ಲೇಖಕರು ಅಭಿನಂದನ ಗ್ರಂಥದ ಮುಖಪುಟಕ್ಕೆ ಫೋಟೋ ಆರಿಸುತ್ತಿರುತ್ತಾರೆ. ಆಕೆ ಅದೂ ಸೇರಿ ಅದೇ ಸನ್ಯಾಸಿಯ ಇಪ್ಪತ್ತು ಕಾದಂಬರಿ ಬರೆದರು. ಕೊನೆಯದು 1994ರಲ್ಲಿ ಬಂತು, ಮರುವರ್ಷ ತೀರಿಕೊಂಡರು. ಹುಟ್ಟಿದ ಸೀಮೆಯನ್ನು ಬಿಟ್ಟು ದೊಡ್ಡ ಊರು ಸೇರಲಿಲ್ಲ. ಬರೀ ಪತ್ತೇದಾರಿ!

ಆ ಮೊದಲ ಕಾದಂಬರಿಯಲ್ಲಿ ಆಕೆ ಮಾಡಿದ್ದೇನು ನೋಡಿ. 1138ರ ಸುಮಾರಿಗೆ ಶ್ರೂಸ್‌ಬರಿ ಎಂಬ ಊರಿನ ಮಠದವರು ವೇಲ್ಸ್‌ನ ಒಂದು ಹಳ್ಳಿಗೆ ಹೋಗಿ, ಅಲ್ಲಿದ್ದ ಸಂತಳೊಬ್ಬಳ ಅಸ್ಥಿಯನ್ನು ತಮ್ಮ ಮಠಕ್ಕೆ ಹೊತ್ತು ತಂದರು. ಇದು ನಡೆದ ಸಂಗತಿ, ಆ ಮಠದವರೇ ಬರೆದಿಟ್ಟದ್ದು. ಪೀಟರ್ಸ್ ನಡೆದದ್ದನ್ನು ಮುಟ್ಟಲಿಲ್ಲ. ನಡೆದದ್ದರ ಸಂದಿಯಲ್ಲಿ ಒಂದು ಹೆಣ ಇಟ್ಟರು, ಅಷ್ಟೇ. ಮತ್ತೊಂದು ಕಾದಂಬರಿಯಲ್ಲಿ ಕೊಲೆಯಾಗುವುದು ಕೀಲುನೋವಿಗೆ ಹಚ್ಚುವ ಎಣ್ಣೆಯಿಂದ. ಎಣ್ಣೆ ತಯಾರಿಸಿದವನು ಕ್ಯಾಡ್‌ಫೆಲ್ಲೇ, ಅದರಲ್ಲಿರುವುದು ನಾವು ವತ್ಸನಾಭಿ ಎನ್ನುವ ಬೇರಿನ ಜಾತಿಯದು. ಚರ್ಮಕ್ಕೆ ಹಚ್ಚಿದರೆ ನೋವು ಹೋಗುತ್ತದೆ, ಊಟಕ್ಕೆ ಬೆರೆಸಿದರೆ ಮನುಷ್ಯನೇ ಹೋಗುತ್ತಾನೆ. ಔಷಧದ ಅಂಗಡಿಯಲ್ಲಿ ಏಳು ವರ್ಷ ನಿಂತವರಿಗಲ್ಲದೆ ಇನ್ನಾರಿಗೆ ಹೊಳೆಯಬೇಕು ಇದು?

ಆ ಇಪ್ಪತ್ತೂ ಕಾದಂಬರಿಗಳು ನಡೆಯುವುದು 1137ರಿಂದ 1145ರೊಳಗೆ. ಅದೇ ಹೊತ್ತಿಗೆ ಇಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ, ವಿಷ್ಣುವರ್ಧನನ ಕೊನೆಗಾಲ. ಬೇಲೂರಿನ ದೇವಾಲಯ 1117ರಲ್ಲೇ ಪ್ರತಿಷ್ಠೆಯಾಗಿದೆ, ಹಳೇಬೀಡಿನಲ್ಲಿ ಉಳಿಯ ಸದ್ದು ಕೇಳುತ್ತಿದೆ. ಅವನು ಸತ್ತ ವರ್ಷವನ್ನೇ ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಡುವೆ ಹತ್ತು ವರ್ಷದ ಅಂತರ. ಕಾದಂಬರಿಕಾರನಿಗೆ ಇದಕ್ಕಿಂತ ಇನ್ನೇನು ಬೇಕು?

ಅದೂ ಬೇಡ, ಹಳೇಬೀಡಿನ ಗರುಡಗಂಬದ ಮುಂದೆ ಎಂದಾದರೂ ನಿಂತಿದ್ದೀರಾ? ಗೈಡುಗಳು ಜನರನ್ನು ಆನೆಯ ಸಾಲಿನ ಕಡೆಗೆ ಎಳೆದುಕೊಂಡು ಹೋಗುವ ಅವಸರದಲ್ಲಿ ಅದನ್ನು ದಾಟಿಬಿಡುತ್ತಾರೆ. ಹತ್ತಿರ ಹೋಗಿ ನೋಡಿ. ಕಂಬದ ಸುತ್ತ ಗಿಡ್ಡ ಗಿಡ್ಡ ಆಳುಗಳು, ಕೈಯಲ್ಲಿ ಕತ್ತಿ. ಎದುರಿಗೆ ಶತ್ರು ಇಲ್ಲ. ಅವರು ಕೊಯ್ದುಕೊಳ್ಳುತ್ತಿರುವುದು ತಮ್ಮ ಕೊರಳನ್ನೇ. 1220ರಲ್ಲಿ ವೀರಬಲ್ಲಾಳ ತೀರಿಕೊಂಡಾಗ ಆ ದೊರೆಯ ನಂಬುಗೆಯ ದಂಡನಾಯಕ ಕುವರಲಕ್ಷ್ಮ, ಲಕ್ಷ್ಮನ ಹೆಂಡತಿ, ಅವನ ಗರುಡರು (ಒಡೆಯನ ಜೊತೆಗೇ ಸಾಯುತ್ತೇವೆಂದು ಮಾತು ಕೊಟ್ಟ ಆಳುಗಳು) ಎಲ್ಲರೂ ಪ್ರಾಣ ಬಿಟ್ಟರೆಂದು ಶಾಸನ ಹೇಳುತ್ತದೆ. ಶಾಸನಕ್ಕೆ ಅದು ಸ್ವಾಮಿನಿಷ್ಠೆ. ಸರಿ. ಎಲ್ಲರೂ ಇಷ್ಟಪಟ್ಟೇ ಸತ್ತರೇ? ಒಬ್ಬನಾದರೂ ರಾತ್ರಿ ಕೋಟೆ ಹಾರಿ ಓಡಲಿಲ್ಲವೇ? ಆ ಹೆಂಡತಿಯನ್ನು ಯಾರಾದರೂ ಒಂದು ಮಾತು ಕೇಳಿದರೇ? ನಮ್ಮ ಗಂಭೀರ ಸಾಹಿತ್ಯ ಈ ಕಂಬದ ಮುಂದೆ ಕೈಮುಗಿದು ಮುಂದಕ್ಕೆ ಹೋಗುತ್ತದೆ. ಕೇಳುವ ಚಟ ಇರುವುದು ಪತ್ತೇದಾರನಿಗೆ ಮಾತ್ರ.

ಗೊತ್ತು, ಗೊತ್ತು. ಈಗ ಯಾರೋ ಒಬ್ಬರು ಕೆ.ಎನ್. ಗಣೇಶಯ್ಯ ಇದ್ದಾರಲ್ಲ ಎನ್ನುತ್ತೀರಿ. ಇದ್ದಾರೆ, ನನ್ನ ಕಪಾಟಿನಲ್ಲೂ ಇದ್ದಾರೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ, ಹಾಗಿದ್ದರೆ ಕೊಲಂಬಸ್‌ಗಿಂತ ಮೊದಲೇ ಅದು ಇಲ್ಲಿಗೆ ಬಂದದ್ದು ಹೇಗೆ ಎಂದು ವಿಜ್ಞಾನಿಗಳು ಪತ್ರಿಕೆಗಳಲ್ಲಿ ಕಿತ್ತಾಡಿದ ವಿಷಯವನ್ನು ಎತ್ತಿಕೊಂಡು 'ಕನಕ ಮುಸುಕು' ಬರೆದವರು. ಅವರೂ ಕನ್ನಡದ ಮೇಷ್ಟರಲ್ಲ, ಕೃಷಿ ವಿಜ್ಞಾನಿ. ಅಂದರೆ ಈ ಕೆಲಸಕ್ಕೆ ಅಲ್ಲೂ ಇಲ್ಲೂ ಹೊರಗಿನವರೇ ಬರಬೇಕು. ಸಾಹಿತ್ಯದ ಚಾವಡಿಯಲ್ಲಿ ಕುಳಿತವರಿಗೆ ಮಡಿ ಕೆಡುತ್ತದೆ.

ಇನ್ನೊಂದು ಆಕ್ಷೇಪವೂ ಗೊತ್ತು: ರಹಸ್ಯ, ರೋಚಕ ಎಂದು ಹೋದರೆ ಜನ ಕಟ್ಟುಕಥೆಯನ್ನೇ ಇತಿಹಾಸವೆಂದು ನಂಬುತ್ತಾರಂತೆ. ಹೌದೇ ಸ್ವಾಮಿ? ಶಾಂತಲೆ ಬೆಟ್ಟದಿಂದ ಹಾರಿ ಸತ್ತಳು ಎಂದು ಊರಿಗೆ ಊರೇ ನಂಬಿದೆ. ಶ್ರವಣಬೆಳಗೊಳದ ಶಾಸನ ಹೇಳುವುದು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದಷ್ಟೇ. ಮಗಳ ಹಿಂದೆಯೇ ತಾಯಿ ಮಾಚಿಕಬ್ಬೆ ಉಪವಾಸವಿದ್ದು ದೇಹ ಬಿಟ್ಟಳು. ಬೆಟ್ಟದಿಂದ ಹಾರಿಸಿದ್ದು ಯಾವ ಪತ್ತೇದಾರಿ ಕಾದಂಬರಿಯೂ ಅಲ್ಲ, ನಿಮ್ಮ ಕಣ್ಣೀರಿನ ಕಥೆಗಳು. ಪತ್ತೇದಾರಿ ಬರೆಯುವವನು ತಪ್ಪಿದರೆ ಓದುಗ ಅಲ್ಲೇ ಹಿಡಿಯುತ್ತಾನೆ. ದೋರಸಮುದ್ರದ ಅಡುಗೆಮನೆಯಲ್ಲಿ, ಆಗಿನ್ನೂ ಇಲ್ಲಿಗೆ ಬಾರದಿದ್ದ ಹಸಿಮೆಣಸಿನಕಾಯಿ ಕಂಡರೆ ಕಾದಂಬರಿ ಅಲ್ಲಿಗೇ ಸತ್ತಿತು. ಖಾರಕ್ಕೆ ಕಾಳುಮೆಣಸೇ ಆಗಬೇಕು. ಹಾಸನದವರು ಬರೆದರೂ ಯಾರೂ ಕಾಫಿ ಕುಡಿಯುವಂತಿಲ್ಲ.

ಹಾಗೆ ನೋಡಿದರೆ ಹುಡುಗಿಯ ಪ್ರಶ್ನೆಗೆ ಉತ್ತರ ಎಷ್ಟು ಸುಲಭವಿತ್ತು! ಊಟಕ್ಕೆ, ಉಡುಪಿಗೆ, ಆಭರಣಕ್ಕೆ 1129ರ ಸುಮಾರಿನ, ಚಾಲುಕ್ಯ ದೊರೆ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸ ಇದೆ. ಅದಕ್ಕೂ ನೂರು ವರ್ಷ ಹಿಂದಿನ, ಕನ್ನಡದ್ದೇ ಆದ ಲೋಕೋಪಕಾರ ಇದೆ. ನಮ್ಮ ಜಿಲ್ಲೆಯ ಶಾಸನಗಳದ್ದೇ ಒಂದು ಸಂಪುಟವನ್ನು ಶಾಸನ ವಿದ್ವಾಂಸ ಬಿ.ಎಲ್. ರೈಸ್ ಸಾಹೇಬರು 1902ರಲ್ಲೇ ಅಚ್ಚು ಹಾಕಿಸಿದ್ದಾರೆ. ಮೂರು ವಾಕ್ಯ. ಉಪ್ಪಿಟ್ಟು ಅಷ್ಟರಲ್ಲಿ ಆರುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ಎದ್ದು ಹೇಳಿದೆನೇ? ಇಲ್ಲ. ಸಭೆ ನಕ್ಕಾಗ ನಾನೂ ನಕ್ಕೆ. ಅತಿಥಿಗಳು ನನ್ನ ಕಡೆಗೇ ನೋಡುತ್ತಿದ್ದರು, ತುಟಿ ತಾನಾಗಿ ಅಗಲವಾಯಿತು. ರಾತ್ರಿ ನಿದ್ದೆ ಬಾರದಿದ್ದದ್ದು ಅತಿಥಿಗಳ ಮಾತಿಗಲ್ಲ.

ನಿಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ, 1998ರಲ್ಲಿ ನಾನೂ ಒಂದು ಶುರು ಮಾಡಿದ್ದೆ. ಹಳೇಬೀಡಿನ ಶಿಲ್ಪಿಯೊಬ್ಬ ಕಲ್ಲಿನ ರಾಶಿಯ ಕೆಳಗೆ ಸತ್ತು ಬಿದ್ದಿರುತ್ತಾನೆ. ನಲವತ್ತು ಪುಟ ಬರೆದು ನಮ್ಮ ಮೇಷ್ಟರೊಬ್ಬರಿಗೆ ತೋರಿಸಿದೆ. ಅವರೂ ಇದೇ ಎರಡಕ್ಷರ ಅಂದರು. ಬೆಳಿಗ್ಗೆ ಹಳೆಯ ಬಿಲ್ಲು ಪುಸ್ತಕಗಳ ಅಡಿಯಿಂದ ಆ ನೋಟ್‌ಬುಕ್ಕನ್ನು ಹೊರಗೆ ತೆಗೆದೆ. ಅಂಚೆಲ್ಲ ಗೆದ್ದಲು. ಓದಿದೆ, ತೀರಾ ಕೆಟ್ಟದ್ದೇನಲ್ಲ. ಆದರೆ ಕೊಂದವನು ಯಾರೆಂದು ಅಂದುಕೊಂಡಿದ್ದೆನೋ ಅದು ನನಗೇ ಮರೆತುಹೋಗಿದೆ.

ಆ ಹುಡುಗಿಯ ಪರಿಚಯ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಶಾಸನ ಸಂಪುಟ ನನ್ನ ಬಳಿ ಇದೆ, ಒಯ್ಯಬಹುದು. ವಾಪಸ್ ಕೊಡಬೇಕು.