ಹನ್ನೊಂದು ನಿಮಿಷದ ರಂಗೀನ್ ಮಹಲ್

ಕಳೆದ ಭಾನುವಾರ ಕಲಬುರಗಿಯಿಂದ ಬೀದರಿಗೆ ಹೊರಟ ಹದಿನೇಳು ಸೀಟಿನ ಗಾಡಿಯಲ್ಲಿ, ತಲೆಗೆ 850 ರೂಪಾಯಿ ಕೊಟ್ಟು, ನಾನೂ ನನ್ನ ಮಾವನವರೂ ಕುಳಿತಿದ್ದೆವು. ‘ಗೈಡ್ ಸಮೇತ ಕೋಟೆ ಮತ್ತು ಅರಮನೆ ದರ್ಶನ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ದರ್ಶನವೆಂಬ ಮಾತನ್ನು ಅವರು ಚೆನ್ನಾಗಿಯೇ ಉಳಿಸಿಕೊಂಡರು. ಜಾತ್ರೆಯ ದಿನ ಗರ್ಭಗುಡಿಯ ಮುಂದೆ ಅರೆಗಳಿಗೆ ನಿಂತವರನ್ನು ಹೆಗಲು ಹಿಡಿದು ದಬ್ಬುತ್ತಾರಲ್ಲ, ಹಾಗೆ ನಮ್ಮನ್ನೂ ದಬ್ಬಿದರು.

ಮಾವನವರಿಗೆ ಎಪ್ಪತ್ತಾರು ವರ್ಷ. ಬೀದರಿನಲ್ಲಿ ನಲವತ್ತು ವರ್ಷ, ಕಪ್ಪು ಲೋಹದ ಪಾತ್ರೆಗಳಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸ ಮಾಡಿ, ಕಣ್ಣು ಮಂಜಾದ ಮೇಲೆ ಉಳಿ ಕೆಳಗಿಟ್ಟು ನಮ್ಮ ಮನೆಗೆ ಬಂದವರು. ಈಗ ಪೊರೆ ತೆಗೆಸಿದ್ದಾಯಿತು, ಕಣ್ಣು ಕಾಣುತ್ತಿದೆ. ಚಿಕ್ಕವರಿದ್ದಾಗ ಒಮ್ಮೆ ನೋಡಿದ್ದ, ಕೋಟೆಯೊಳಗಿನ ರಂಗೀನ್ ಮಹಲ್ ಎಂಬ ಅರಮನೆಯ ಬಾಗಿಲುವಾಡವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಬೇಕು ಎಂಬುದೊಂದೇ ಅವರ ಆಸೆಯಾಗಿತ್ತು. ಬೀದರನ್ನು ಆಳಿದ ಅಲಿ ಬರೀದ್ ಷಾ (ಆಳ್ವಿಕೆ 1542–1580) ಕಟ್ಟಿಸಿದ ಆ ಭಾಗದಲ್ಲಿ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಬಿದರಿಯಲ್ಲಿ ಉಳಿಯಿಂದ ಗೀರು ತೆಗೆದು ಬೆಳ್ಳಿಯ ತಂತಿಯನ್ನಿಟ್ಟು ಸುತ್ತಿಗೆಯಿಂದ ತಟ್ಟಿದರೆ ಸಾಕು, ಬೆಳ್ಳಿ ಮೆತ್ತಗಿನದಾದ್ದರಿಂದ ಹಿಗ್ಗಿ ಗೀರನ್ನು ತುಂಬಿಕೊಳ್ಳುತ್ತದೆ, ಅಲ್ಪಸ್ವಲ್ಪ ತಪ್ಪು ಮುಚ್ಚಿಹೋಗುತ್ತದೆ. ಚಿಪ್ಪು ತಟ್ಟಿದರೆ ಒಡೆಯುತ್ತದೆ. ಹಾಗಾದರೆ ಬಳ್ಳಿಯ ಅಷ್ಟು ಸಣ್ಣ ತಿರುವಿನಲ್ಲಿ ಚಿಪ್ಪಿನ ತುಂಡನ್ನೂ ಕಲ್ಲಿನ ಗುಳಿಯನ್ನೂ ಒಂದಕ್ಕೊಂದು ಹೇಗೆ ಹೊಂದಿಸಿದರು, ಸಂದು ಎಲ್ಲಿದೆ ಎಂಬುದು ಅವರು ಅರವತ್ತು ವರ್ಷ ತಲೆಯಲ್ಲಿಟ್ಟುಕೊಂಡು ತಿರುಗಿದ ಪ್ರಶ್ನೆ. ಅದಕ್ಕೆಂದೇ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಬಂದಿದ್ದರು.

ಹುಮನಾಬಾದಿನಲ್ಲಿ ಉಪಾಹಾರಕ್ಕೆ ಐವತ್ತು ನಿಮಿಷ ನಿಲ್ಲಿಸಿದರು. ಅಲ್ಲಿ ಯಾರೂ ಅವಸರ ಮಾಡಲಿಲ್ಲ.

ಕೋಟೆಯ ಬಾಗಿಲಲ್ಲಿ ನಮ್ಮನ್ನು ಸೇರಿಕೊಂಡ ಗೈಡ್ ಹಿಂದಿಯಲ್ಲಿ ಮಾತಾಡಿದ್ದಕ್ಕೆ ನನ್ನ ತಕರಾರಿಲ್ಲ. ಈ ಕಡೆಯವರಿಗೆ ದಖನಿ, ಮರಾಠಿ, ತೆಲುಗು ಎಲ್ಲವೂ ಕಿವಿಗೆ ರೂಢಿ. ಹೇಳಿದ್ದು ಸುಳ್ಳು ಎಂಬುದೇ ತಕರಾರು. ಇಲ್ಲಿಂದ ಗೋಲ್ಕೊಂಡಕ್ಕೆ ಸುರಂಗವಿದೆ, ಕುದುರೆಯ ಮೇಲೆ ಕುಳಿತು ಹೋಗಬಹುದಿತ್ತು ಎಂದು ಆತ ಮೂರು ಕಡೆ ಹೇಳಿದ. (ಸುರಂಗವೇ ಬೇಕಾಗಿದ್ದರೆ ಬೀದರಿನ ನೌಬಾದಿನಲ್ಲಿ ನೆಲದಡಿ ನೀರು ಹರಿಸಿದ ಕರೇಜ್ ಇದೆ, ಬಾವಿಗಳಂಥ ಗಾಳಿಗಂಡಿಗಳ ಸಮೇತ. ಅದರ ಹೆಸರನ್ನು ಆತ ಎತ್ತಲೇ ಇಲ್ಲ.)

ರಂಗೀನ್ ಮಹಲಿಗೆ ಬೀಗ ಹಾಕಿರುತ್ತಾರೆ. ಹಾಕಲೇಬೇಕು, ತೆರೆದಿಟ್ಟರೆ ಮೊಳೆಯಿಂದ ಹೆಸರು ಕೆತ್ತುವ ಪ್ರೇಮಿಗಳಿಗೆ ನಮ್ಮಲ್ಲಿ ಬರವಿಲ್ಲ. ಬೀಗ ತೆಗೆಸಿ ನಮ್ಮನ್ನು ಒಳಗೆ ಬಿಟ್ಟಾಗ ಗಡಿಯಾರ ನೋಡಿಕೊಂಡೆ, ಹನ್ನೆರಡೂ ಹತ್ತು. ಕೆತ್ತನೆಯ ಮರದ ಕಂಬಗಳಿರುವ ಹಜಾರದಲ್ಲಿ ಆರು ನಿಮಿಷ ಹೋಯಿತು, ಅದರಲ್ಲಿ ನಾಲ್ಕು ಫೋಟೋಕ್ಕೆ. ಬಾಗಿಲುವಾಡದ ಮುಂದೆ ನಿಂತು ಗೈಡ್ ಹೇಳಿದ: “ಇಲ್ಲಿ ವಜ್ರ, ಮಾಣಿಕ್ಯ ಇದ್ದವು, ಬ್ರಿಟಿಷರು ಕಿತ್ತುಕೊಂಡು ಹೋದರು, ಈಗ ಉಳಿದದ್ದು ಬರೀ ಚಿಪ್ಪು.” ಬರೀ ಚಿಪ್ಪು! ಕಮಾನಿನ ಪಾರ್ಸಿ ಪದ್ಯವನ್ನು ಕುರಾನಿನ ಸಾಲು ಎಂದ. ಕಲ್ಲಿನ ಮೇಲೆ ಚಿಪ್ಪನ್ನು ಅಂಟಿಸುವಂತೆಯೇ ಬಿದರಿಯಲ್ಲಿ ಬೆಳ್ಳಿಯ ಬಣ್ಣ ಬಳಿಯುತ್ತಾರೆ ಎಂದೂ ಸೇರಿಸಿದ.

ಮಾವನವರು ಮೆಲ್ಲಗೆ, “ಬಣ್ಣ ಅಲ್ಲಪ್ಪ, ಗೀರು ತೆಗೆದು ತಂತಿ ಕೂಡಸ್ತಾರ” ಎಂದರು. “ಆಯ್ತು ಅಂಕಲ್, ನಡೀರಿ ನಡೀರಿ, ಹಿಂದೆ ಜನ ಇದ್ದಾರ” ಎಂದ ಆತ. ಹಿಂದೆ ಯಾರೂ ಇರಲಿಲ್ಲ, ನಾವೇ ಕೊನೆಯವರು. ಅವರು ಮಂಡಿಯ ಮೇಲೆ ಕೈಯೂರಿ ಬಗ್ಗಿ, ಕೆಳಗಿನ ಒಂದು ಎಲೆಯ ಅಂಚಿಗೆ, ಮುಟ್ಟದಂತೆ ಒಂದು ಗೇಣು ದೂರದಲ್ಲಿ ಭೂತಗನ್ನಡಿ ಹಿಡಿದದ್ದೇ ತಡ, ಗೈಡ್ ಅವರ ರಟ್ಟೆ ಹಿಡಿದು ಎಬ್ಬಿಸಿದ. ಅವಮಾನವಾದದ್ದು ನನಗೆ, ಅವರು ಕನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿ ಜೇಬಿಗಿಟ್ಟುಕೊಂಡರು, ಅಷ್ಟೆ. ಹನ್ನೆರಡೂ ಇಪ್ಪತ್ತೊಂದಕ್ಕೆ ನಾವು ಹೊರಗಿದ್ದೆವು.

ಅಷ್ಟು ಅವಸರ ಯಾಕೆಂದು ಆಮೇಲೆ ತಿಳಿಯಿತು. ಊರೊಳಗಿನ ಒಂದು ಅಂಗಡಿಯ ಮುಂದೆ ಗಾಡಿ ನಿಂತಿತು, ಅಲ್ಲಿ ಒಂದೂಕಾಲು ಗಂಟೆ. ಚಹಾ ಕೊಟ್ಟರು, ಕುರ್ಚಿ ಕೊಟ್ಟರು, ಒಬ್ಬೊಬ್ಬರ ಕೈಗೂ ಹೂಜಿ, ಡಬ್ಬಿ, ಆನೆ ಕೊಟ್ಟು ಎಷ್ಟು ಹೊತ್ತು ಬೇಕಾದರೂ ತಿರುಗಿಸಿ ನೋಡಿ ಎಂದರು. ನಾನೂರು ವರ್ಷ ದಾಟಿದ ಕೈಕೆಲಸದ ಮುಂದೆ ನಿಲ್ಲಲು ಬಿಡದ ಅದೇ ಗೈಡ್ ಇಲ್ಲಿ ಬಾಗಿಲಿಗೆ ಒರಗಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ. ಕೋಟೆಯ ಮಣ್ಣಿನಿಂದ ಈ ಕಪ್ಪು ಬರುತ್ತದೆ ಎಂದು ಅಂಗಡಿಯವನು ಮಾವನವರಿಗೇ ವಿವರಿಸತೊಡಗಿದ. ನವಸಾಗರವೆಂಬ ಉಪ್ಪಿನ ಜೊತೆ ಆ ಮಣ್ಣನ್ನು ಕಲಸಿ, ಬಿಸಿ ಪಾತ್ರೆಗೆ ಸವರಿ ಸವರಿ ಅಂಗೈ ಸುಟ್ಟುಕೊಂಡವರು ತಲೆಯಾಡಿಸುತ್ತ ಕೇಳಿದರು. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಮುಗಿಸಿದ ಮದರಸಾವನ್ನು ಮಾತ್ರ ಗಾಡಿಯ ಕಿಟಕಿಯಿಂದಲೇ ತೋರಿಸಿದರು, ವೇಳೆ ಇಲ್ಲವಂತೆ.

ಸೋಮವಾರ ಪ್ರವಾಸದವರಿಗೆ ಫೋನ್ ಮಾಡಿ, ಅರ್ಧ ಹಣ ಮರಳಿಸಿ, ಇಲ್ಲವಾದರೆ ಮಾವನವರನ್ನು ಇನ್ನೊಮ್ಮೆ ಕರೆದೊಯ್ದು ಆ ಬಾಗಿಲ ಮುಂದೆ ಒಂದು ಗಂಟೆ ಬಿಡಿ ಎಂದೆ. “ಎಲ್ಲಾ ಪಾಯಿಂಟ್ ಕವರ್ ಆಗ್ಯಾವಲ್ರಿ” ಎಂಬ ಉತ್ತರ ಬಂತು. ಸಂಜೆ ವಾಟ್ಸಾಪಿಗೆ ಗುಂಪಿನ ಫೋಟೋ ಕಳಿಸಿ, ಐದು ಸ್ಟಾರ್ ಕೊಡಿರೆಂದು ಕೇಳಿದರು. ಫೋಟೋದಲ್ಲಿ ನಾವು ಹದಿನೇಳು ಜನವೂ ಇದ್ದೇವೆ. ಮಾವನವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ನಮ್ಮ ತಲೆಗಳ ಸಂದಿಯಲ್ಲಿ ಆ ಬಾಗಿಲುವಾಡವನ್ನು ಹುಡುಕುತ್ತಿದ್ದಾರೆ.