‘ಒಂದು ಬೋನು ಇಡಿ’ ಎನ್ನುವವರಿಗೆ

ಮನೆಯಲ್ಲಿ ಇಲಿಗಳ ಕಾಟ ಎಂದು ಯಾರ ಮುಂದೆ ಬಾಯಿ ಬಿಟ್ಟರೂ ಸಿಗುವ ಉತ್ತರ ಒಂದೇ: ‘ಒಂದು ಬೋನು ತಂದಿಡಿ, ಸರಿಹೋಗುತ್ತದೆ.’ ಮನೆಯ ಮಾಲೀಕರು ಇದನ್ನೇ ಹೇಳುತ್ತಾರೆ, ಎದುರು ಮನೆಯವರು ಇದನ್ನೇ ಹೇಳುತ್ತಾರೆ, ಮೋರಿಯ ಬದಿಯ ಕಸ ತೆಗೆಸಿ ಎಂದು ಫೋನ್ ಮಾಡಿದರೆ ಆ ತುದಿಯಲ್ಲಿ ಆಕಳಿಸುತ್ತಲೇ ದೂರು ಬರೆದುಕೊಳ್ಳುವ ಸಿಬ್ಬಂದಿಯೂ ಕೊನೆಗೆ ಇದನ್ನೇ ಹೇಳಿ ಫೋನ್ ಇಡುತ್ತಾರೆ. ಹೀಗೆ ಪುಕ್ಕಟೆ ಸಲಹೆ ಕೊಡುವವರಲ್ಲಿ ಒಬ್ಬರಾದರೂ ಈಗ ಮಾರುಕಟ್ಟೆಯಲ್ಲಿ ಸಿಗುವ ಬೋನನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆಯೇ ಎಂಬುದು ನನ್ನ ಅನುಮಾನ. ನೋಡಿದ್ದರೆ ಆ ಮಾತು ಅಷ್ಟು ಸಲೀಸಾಗಿ ಬಾಯಿಂದ ಬರುತ್ತಿರಲಿಲ್ಲ.

ತಂತಿಯ ಬೋನನ್ನೇ ತೆಗೆದುಕೊಳ್ಳಿ. ಒಳಗಡೆ ಒಂದು ಕೊಕ್ಕೆ ಇರುತ್ತದೆ, ಅದಕ್ಕೆ ಒಣಕೊಬ್ಬರಿಯ ಚೂರನ್ನೋ ಈರುಳ್ಳಿ ಬಜ್ಜಿಯ ತುಂಡನ್ನೋ ಸಿಕ್ಕಿಸಬೇಕು. ಇಲಿ ಬಂದು ಅದನ್ನು ಎಳೆದಾಗ ಕೊಕ್ಕೆಗೆ ಆತುಕೊಂಡಿದ್ದ ಸರಳು ಜಾರಿ, ಸ್ಪ್ರಿಂಗಿನ ಬಲಕ್ಕೆ ಬಾಗಿಲು ಪಟ್ಟನೆ ಮುಚ್ಚಿಕೊಳ್ಳಬೇಕು. ಇಷ್ಟೇ ಅದರ ವಿದ್ಯೆ. ಆದರೆ ನಾನು ಕೊಂಡು ತಂದಿರುವ ಬೋನಿನ ಜಾಲರಿಯ ಕಿಂಡಿಗಳಲ್ಲಿ ನನ್ನ ಕಿರುಬೆರಳು ಆರಾಮಾಗಿ ಒಳಗೆ ಹೋಗಿ ಹೊರಗೆ ಬರುತ್ತದೆ. ಅಡುಗೆಮನೆಯಲ್ಲಿ ಓಡಾಡುವ ಚಿಟ್ಟಿಲಿಗೆ ಸುಮಾರು 6 ಮಿಲಿಮೀಟರ್ ಸಂದಿ ಸಿಕ್ಕರೆ ಸಾಕು. ತಲೆಬುರುಡೆ ತೂರಿತೆಂದರೆ ಮೈಯೂ ತೂರಿದ ಹಾಗೆಯೇ. ಹಾಗಾಗಿ ರಾತ್ರಿ ನಡೆಯುವುದು ಇಷ್ಟು: ಇಲಿ ಒಳಗೆ ಹೋಗುತ್ತದೆ, ಕೊಬ್ಬರಿ ಎಳೆಯುತ್ತದೆ, ಬಾಗಿಲು ಸದ್ದು ಮಾಡುತ್ತಾ ಮುಚ್ಚಿಕೊಳ್ಳುತ್ತದೆ, ಇಲಿ ಸಾವಧಾನವಾಗಿ ತಿಂದು ಮುಗಿಸಿ ಪಕ್ಕದ ಕಿಂಡಿಯಿಂದ ಹೊರಟುಹೋಗುತ್ತದೆ. ಬೆಳಗ್ಗೆ ನೋಡಿದರೆ ಬಾಗಿಲು ಭದ್ರವಾಗಿ ಮುಚ್ಚಿರುವ ಖಾಲಿ ಬೋನು, ಒಳಗೆ ನಾಲ್ಕು ಹಿಕ್ಕೆ. ಹೆಗ್ಗಣ ಹಿಡಿಯುವ ಅಳತೆಯ ಜಾಲರಿ ಹಾಕಿ, ಮೇಲೆ ‘ಇಲಿ ಬೋನು’ ಎಂದು ಚೀಟಿ ಅಂಟಿಸಿ ಮಾರುತ್ತಾರಲ್ಲ, ಇದನ್ನು ಮೋಸ ಎನ್ನದೆ ಇನ್ನೇನೆನ್ನಬೇಕು? ಅಂಗಡಿಯವರನ್ನು ಕೇಳಿದರೆ ‘ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ’ ಎಂದು ನನ್ನನ್ನೇ ತಗಾದೆಗಾರರನ್ನಾಗಿ ಮಾಡುತ್ತಾರೆ.

ಇನ್ನು ಮರದ ಹಲಗೆಯ ಮೇಲೆ ಸ್ಪ್ರಿಂಗು ಕೂರಿಸಿದ ಇಲಿಕತ್ತರಿ. ಅಮೆರಿಕದ ಇಲಿನಾಯ್ ರಾಜ್ಯದ ವಿಲಿಯಂ ಹೂಕರ್ ಎಂಬಾತ ಇಂಥದ್ದಕ್ಕೆ ಪೇಟೆಂಟ್ ಪಡೆದದ್ದು 1894ರಲ್ಲಿ. ಒಂದು ಹಲಗೆ, ಒಂದು ಸ್ಪ್ರಿಂಗು, ಒಂದು ಕಂಬಿ, ಒಂದು ಕೊಂಡಿ. ನೂರಮೂವತ್ತು ವರ್ಷ ಕಳೆದರೂ ಅದರ ರಚನೆಯಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಆಗಿಲ್ಲ, ಏಕೆಂದರೆ ಬೇಕಾಗಿಲ್ಲ. ಅಷ್ಟು ಸರಳವಾದ ವಸ್ತುವನ್ನೂ ಕೆಡಿಸಿ ಮಾಡಬಹುದು ಎಂಬುದನ್ನು ನಮ್ಮ ತಯಾರಕರು ತೋರಿಸಿಕೊಟ್ಟಿದ್ದಾರೆ. ಕೊಂಡಿಯ ತುದಿಯನ್ನು ಒರಟಾಗಿ ಕತ್ತರಿಸಿ ಬಿಟ್ಟಿರುವುದರಿಂದ ಅದು ಕಂಬಿಗೆ ಕಚ್ಚಿಕೊಂಡು ಕೂರುತ್ತದೆ. ಮೇಲೆ ಸವರಿದ ಕಡಲೆಕಾಯಿ ಬೆಣ್ಣೆಯನ್ನು ಇಲಿ ಹಲಗೆಯ ನಾರು ಕಾಣುವವರೆಗೆ ನೆಕ್ಕಿ ಹೋದರೂ ಕತ್ತರಿ ಅಲುಗುವುದಿಲ್ಲ, ಅದನ್ನು ಎತ್ತಿಡಲು ನಾನು ಕೈ ಹಾಕಿದ ಕ್ಷಣ ಮಾತ್ರ ತಪ್ಪದೆ ಬಡಿಯುತ್ತದೆ. ಹೆಬ್ಬೆರಳಿನ ಉಗುರು ಇನ್ನೂ ಕಪ್ಪಾಗಿಯೇ ಇದೆ. ಇಲಿಗಳು ಗೋಡೆಯ ಬುಡಕ್ಕೆ ಮೀಸೆ ತಾಗಿಸಿಕೊಂಡೇ ಓಡಾಡುವುದರಿಂದ ಕತ್ತರಿಯನ್ನು ಗೋಡೆಗೆ ಅಡ್ಡಲಾಗಿ, ತಿಂಡಿ ಇರುವ ತುದಿ ಗೋಡೆಯ ಕಡೆ ಬರುವಂತೆ ಇಡಬೇಕು ಎಂಬ ಮುಖ್ಯ ಸಂಗತಿಯನ್ನಾದರೂ ಪೊಟ್ಟಣದ ಮೇಲೆ ಮುದ್ರಿಸಬಾರದೇ? ಅದಿಲ್ಲ. ಇರುವುದು ಒಂದು ತುಂಡು ಚೀಸ್ ಹಿಡಿದು ನಗುತ್ತಿರುವ ಇಲಿಯ ಚಿತ್ರ. ರಾಗಿ, ಅಕ್ಕಿ, ಬೆಲ್ಲ, ಕಡಲೆಬೀಜ ಬಿಟ್ಟು ಚೀಸಿಗಾಗಿ ಬರುವ ಇಲಿ ನಮ್ಮ ಬಸವನಗುಡಿಯಲ್ಲಿ ಎಲ್ಲಿದೆಯೋ ನಾನರಿಯೆ.

ಬೋನು ಬೇಡವೆಂದರೆ ಅಂಗಡಿಯವರು ಗಲ್ಲಾದ ಕೆಳಗಿನಿಂದ ತೆಗೆದುಕೊಡುವುದು ಅಂಟಿನ ಹಲಗೆಯನ್ನು. ಪುಸ್ತಕದಂತೆ ಮಡಿಚಿದ ರಟ್ಟು, ಬಿಚ್ಚಿದರೆ ಒಳಗೆ ಜೇನಿನ ಬಣ್ಣದ ಅಂಟು. ಇದರಲ್ಲಿ ಸಿಕ್ಕಿಬಿದ್ದ ಪ್ರಾಣಿ ತಕ್ಷಣ ಸಾಯುವುದಿಲ್ಲ. ಕಾಲು ಕೀಳಲು ಹೋಗಿ ಚರ್ಮ ಕಿತ್ತುಕೊಳ್ಳುತ್ತದೆ, ಬಿಡಿಸಿಕೊಳ್ಳಲು ತನ್ನ ಕಾಲನ್ನೇ ಕಡಿಯುತ್ತದೆ, ಗಂಟೆಗಟ್ಟಲೆ ಕೀರಲು ದನಿಯಲ್ಲಿ ಕೂಗಿ ಬಾಯಾರಿಕೆಯಿಂದಲೋ ಉಸಿರುಗಟ್ಟಿಯೋ ಸಾಯುತ್ತದೆ. ಪಕ್ಕದ ಮನೆಯವರು ಇಟ್ಟಿದ್ದ ಹಲಗೆಗೆ ಇಲಿಗಿಂತ ಮೊದಲು ಎರಡು ಹಲ್ಲಿಗಳು ಅಂಟಿಕೊಂಡಿದ್ದವು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2011ರಲ್ಲಿಯೇ ಇಂತಹ ಅಂಟು ಹಲಗೆಗಳ ಬಳಕೆಯ ವಿರುದ್ಧ ರಾಜ್ಯಗಳಿಗೆ ಸೂಚನೆ ಕಳುಹಿಸಿದೆ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಪರವಾನಗಿ ಇಲ್ಲದೆ ಇಲಿ ಹಿಡಿಯಲು ಇದನ್ನು ಇಟ್ಟರೆ ಶಿಕ್ಷೆ. ಇಲ್ಲಿ ಮಾತ್ರ ಸೋಪಿನ ಪಕ್ಕ, ಅಗರಬತ್ತಿಯ ಪಕ್ಕ ಅದು ರಾಜಾರೋಷವಾಗಿ ಮಾರಾಟವಾಗುತ್ತದೆ. ಅದರ ಮೇಲೆ ಒಂದು ಸಾಲಿನ ಸೂಚನೆ ಬೇರೆ: ‘ಬಳಸಿದ ನಂತರ ಕಸಕ್ಕೆ ಹಾಕಿ.’ ಅರೆಜೀವದ ಇಲಿ ಅಂಟಿಕೊಂಡ ರಟ್ಟನ್ನು ಮಡಿಚಿ ಹಸಿ ಕಸದ ಬಕೆಟ್ಟಿಗೆ ಹಾಕಿದರೆ, ಮರುದಿನ ಬೆಳಗ್ಗೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸಬೇಕಾದವರು ಯಾರು ಎಂಬುದನ್ನು ಆ ಸಾಲು ಬರೆದವರು ಒಮ್ಮೆಯಾದರೂ ಯೋಚಿಸಿದ್ದಾರೆಯೇ? ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆಗೆ ಕೈಗವಸು ಸಿಗುವುದೇ ಅಪರೂಪ. ಇಲಿಜ್ವರ ಬರುವುದು ಇಲಿಯ ಮೂತ್ರದಿಂದ, ಬರುವುದು ಕೈಯಲ್ಲಿ ಗಾಯವಿದ್ದವರಿಗೆ ಬೇಗ. ಇದನ್ನು ಯಾರಿಗಾದರೂ ಬಿಡಿಸಿ ಹೇಳಬೇಕೇ?

ಪಾಷಾಣದ ಮಾತನ್ನು ನಾನು ಎತ್ತಲೇಬಾರದು ಎಂದುಕೊಂಡಿದ್ದೆ, ಆದರೆ ಸಲಹೆಗಾರರು ಅದನ್ನೂ ಬಿಡುವುದಿಲ್ಲ. ಇಲಿಗೆಂದು ಇಡುವ ಹಳದಿ ರಂಜಕದ ಪೇಸ್ಟು ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತು ಕೆಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. 2024ರ ನವೆಂಬರಿನಲ್ಲಿ ಚೆನ್ನೈ ಹತ್ತಿರದ ಕುಂಡ್ರತ್ತೂರಿನಲ್ಲಿ ಇಲಿಗಾಗಿ ಮನೆಯೊಳಗೆ ಇರಿಸಿದ್ದ ವಿಷದಿಂದ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಅಂಬೆಗಾಲಿಡುವ ಮಗುವಿರುವ ಮನೆಗೆ ಬಂದು ‘ಪಾಷಾಣ ಇಟ್ಟುಬಿಡಿ’ ಎನ್ನುವವರಿಗೆ ಕಾಫಿ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ.

ಒಂದು ವೇಳೆ ಬೋನು ಕೆಲಸ ಮಾಡಿ ಇಲಿ ಸಿಕ್ಕಿತು ಎನ್ನಿ. ಆಗ ಶುರುವಾಗುವುದು ನಮ್ಮ ಬೀದಿಯ ಭೂತದಯೆ. ಮೂರನೆಯ ಮನೆಯ ಹಿರಿಯರೊಬ್ಬರ ಬಳಿ ಹಳೆಯ ಕಾಲದ ಒಳ್ಳೆಯ ಬೋನಿದೆ, ಅದರಲ್ಲಿ ಇಲಿಗಳು ಬೀಳುತ್ತವೆ. ಗಣಪತಿಯ ವಾಹನ, ಕೊಲ್ಲಬಾರದು ಎನ್ನುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮುಂಜಾನೆ ವಾಕಿಂಗಿಗೆ ಹೊರಟವರು ಬೋನನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಬಂದು, ಆಚೀಚೆ ನೋಡಿ, ನಮ್ಮ ಮನೆಯ ಹಿತ್ತಲಿಗೆ ಹೊಂದಿಕೊಂಡ ಓಣಿಯಲ್ಲಿ ಬಾಗಿಲು ಎತ್ತಿಬಿಡುತ್ತಾರೆ. ಬೀದಿಯ ಪುಣ್ಯವೆಲ್ಲ ಅವರ ಖಾತೆಗೆ, ಇಲಿಗಳೆಲ್ಲ ನಮ್ಮ ಅಕ್ಕಿ ಡಬ್ಬಿಗೆ. ಕೇಳಿದ್ದಕ್ಕೆ ‘ಪಾರ್ಕಿಗೆ ಬಿಡೋಣ ಅಂತಲೇ ಹೊರಟಿದ್ದೆ, ಅದೇ ಹಾರಿಹೋಯಿತು’ ಎಂದರು. ದಿನವೂ ಅದೇ ಜಾಗದಲ್ಲಿ ಅದೇ ಹಾರಿಹೋಗುತ್ತದೆಯೇ, ಸ್ವಾಮಿ?

ಆ ಓಣಿಯ ಕಥೆಯನ್ನು ಹೇಳದಿದ್ದರೆ ನನ್ನ ಸಿಟ್ಟಿನ ಅರ್ಧ ಭಾಗ ಯಾರಿಗೂ ಅರ್ಥವಾಗದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು, ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸಾಲುಸಾಲಾಗಿ ಸತ್ತ ಮೇಲೆ, ಗಾಳಿ ಬೆಳಕು ಇರುವಂತೆ ಅಗಲ ರಸ್ತೆಗಳನ್ನಿಟ್ಟು ಬೆಳೆಸಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಮನೆಗಳ ಹಿಂದೆ ಮಲ ಮತ್ತು ಕಸ ಸಾಗಿಸಲೆಂದೇ ಕನ್ಸರ್ವೆನ್ಸಿ ಓಣಿಗಳನ್ನು ಬಿಟ್ಟರು. ಎಂದರೆ ನಾವು ವಾಸವಿರುವ ಬಡಾವಣೆ ಬೆಳೆದದ್ದೇ ಇಲಿಯಿಂದ ಹರಡಿದ ರೋಗಕ್ಕೆ ಹೆದರಿ. ಇಂದು ಅದೇ ಓಣಿಯಲ್ಲಿ ಒಡೆದ ಕಮೋಡು, ಮದುವೆ ಮನೆಯ ಬಾಳೆಲೆ, ಆರ್ಡರ್ ಮಾಡಿ ಅರ್ಧ ತಿಂದು ಬಿಸಾಡಿದ ಬಿರಿಯಾನಿ ಡಬ್ಬಿ, ಪಾರಿವಾಳಗಳಿಗೆಂದು ಯಾರೋ ಭಕ್ತಿಯಿಂದ ಸುರಿಯುವ ಜೋಳ, ಎಲ್ಲವೂ ಇವೆ. ಹಗಲು ಹೊತ್ತಿನಲ್ಲಿಯೇ ಬೆಕ್ಕಿನ ಮರಿ ಗಾತ್ರದ ಹೆಗ್ಗಣಗಳು ಓಡಾಡುತ್ತವೆ. ಬೆಕ್ಕುಗಳು ದೂರ ಕುಳಿತು ನೋಡುತ್ತವೆ. ಓಣಿಯನ್ನು ಹೀಗೆ ಇಟ್ಟುಕೊಂಡು, ಅಡುಗೆಮನೆಯ ಮೂಲೆಯಲ್ಲಿ ಒಂದು ಗೇಣುದ್ದದ ಬೋನಿಟ್ಟು ಇಲಿಯನ್ನು ಮುಗಿಸಬೇಕಂತೆ.

ಲೆಕ್ಕವನ್ನಾದರೂ ನೋಡಿ. ಹೆಣ್ಣಿಲಿ ಗಬ್ಬವಾದ ಮೂರು ವಾರದೊಳಗೆ ಮರಿ ಹಾಕುತ್ತದೆ, ಒಂದು ಸೂಲಿಗೆ ಐದಾರು ಮರಿಗಳು, ಆ ಮರಿಗಳು ಆರು ವಾರಕ್ಕೆಲ್ಲ ತಾವೇ ಮರಿ ಹಾಕುವ ಸ್ಥಿತಿಗೆ ಬರುತ್ತವೆ. ಒಂದು ಇಲಿ ದಿನಕ್ಕೆ ಐವತ್ತಕ್ಕೂ ಹೆಚ್ಚು ಹಿಕ್ಕೆ ಉದುರಿಸುತ್ತದೆ. ಇದು ನನಗೆ ಪುಸ್ತಕದಿಂದ ತಿಳಿಯಬೇಕಾಗಿಯೇ ಇರಲಿಲ್ಲ: ಸಾಸಿವೆ ಡಬ್ಬಿಯ ಹಿಂದೆ, ತಟ್ಟೆಗಳ ಸ್ಟ್ಯಾಂಡಿನ ಕೆಳಗೆ, ಮಗುವಿನ ಹಾಲಿನ ಬಾಟಲಿ ಒಣಗಿಸುವ ಬುಟ್ಟಿಯಲ್ಲಿ, ಕಪ್ಪು ಜೀರಿಗೆಯಂತೆ ಬಿದ್ದಿರುವುದನ್ನು ದಿನ ಬೆಳಗಾದರೆ ಗುಡಿಸಿ, ಒರೆಸಿ, ಬಿಸಿನೀರಿನಲ್ಲಿ ಪಾತ್ರೆಗಳನ್ನು ಎರಡನೆಯ ಬಾರಿ ತೊಳೆಯುವವರಿಗೆ ಗೊತ್ತು. ಬಾಚಿಹಲ್ಲು ಬೆಳೆಯುತ್ತಲೇ ಇರುವುದರಿಂದ ಇಲಿ ಹಸಿವಿಲ್ಲದಿದ್ದರೂ ಕಡಿಯುತ್ತದೆ. ತೊಗರಿಬೇಳೆಯ ಪೊಟ್ಟಣ ಹೋಗಲಿ ಎಂದರೆ, ವಾಷಿಂಗ್ ಮೆಷಿನ್ನಿನ ವೈರು, ಗ್ಯಾಸಿನ ಪೈಪಿನ ಹೊರಪದರ, ಅಮ್ಮನ ಮೈಸೂರು ರೇಷ್ಮೆ ಸೀರೆಯ ಸೆರಗು. ಸೀರೆಯ ಜರಿಯನ್ನು ಹಾಗೆಯೇ ಬಿಟ್ಟು ರೇಷ್ಮೆಯನ್ನು ಮಾತ್ರ ಗೂಡು ಕಟ್ಟಲು ಒಯ್ದಿದೆ.

ಇಷ್ಟೆಲ್ಲ ಎಲ್ಲಿಂದ ಬರುತ್ತವೆ ಎಂಬುದು ನಿಗೂಢವೇನಲ್ಲ. ಸಿಂಕಿನ ಕೆಳಗೆ ನೀರು ಹೊರಹೋಗುವ ಪೈಪು ಗೋಡೆ ದಾಟುವ ಜಾಗದಲ್ಲಿ, ಪೈಪಿಗಿಂತ ದೊಡ್ಡದಾಗಿ ಕೊರೆದು ಹಾಗೆಯೇ ಬಿಟ್ಟ ತೂತಿದೆ. ಟಾರ್ಚು ಹಿಡಿದು ಬಗ್ಗಿದರೆ ಓಣಿಯ ಬೆಳಕು ಕಾಣುತ್ತದೆ, ತೂತಿನ ಅಂಚು ಇಲಿಗಳ ಮೈಯ ಜಿಡ್ಡು ಹತ್ತಿ ಕಪ್ಪಾಗಿ ಹೊಳೆಯುತ್ತದೆ. ಅದಕ್ಕೆ ತಂತಿಯ ಜಾಲರಿ ತುಂಬಿ ಸಿಮೆಂಟು ಮೆತ್ತುವುದು ಒಬ್ಬ ಮೇಸ್ತ್ರಿಗೆ ಅರ್ಧ ದಿನದ ಕೆಲಸವೂ ಅಲ್ಲ. ಇದನ್ನು ನಾನೇ ಮಾಡಿಸೋಣವೆಂದರೆ, ಮಾಲೀಕರು ಸಹಿ ಹಾಕಿಸಿಕೊಂಡ ಕರಾರಿನಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅವರ ಲಿಖಿತ ಒಪ್ಪಿಗೆ ಬೇಕು ಎಂದಿದೆ. ಒಪ್ಪಿಗೆ ಕೇಳಿದರೆ ‘ನೋಡೋಣ’. ನೀವೇ ಮಾಡಿಸಿ ಎಂದರೆ ‘ಹಳೆಯ ಮನೆ, ಇಲಿ ಇದ್ದದ್ದೇ’. ಹನ್ನೊಂದು ತಿಂಗಳು ತುಂಬಿದ ಕೂಡಲೇ ಬಾಡಿಗೆ ಹೆಚ್ಚಿಸುವುದನ್ನು ಮಾತ್ರ ಹಳೆಯ ಮನೆ ಎಂಬ ಕಾರಣಕ್ಕೆ ಒಮ್ಮೆಯೂ ಮರೆತಿಲ್ಲ. ಮುಂಗಡ ಹಣ ಹಿಂದಿರುಗಿಸುವಾಗ ಬಣ್ಣ ಬಳಿಸಿದ ಖರ್ಚು ಕಳೆಯುವವರಿಗೆ ತೂತು ಮುಚ್ಚುವ ಖರ್ಚು ಯಾರದ್ದು ಎಂಬ ಬಗ್ಗೆ ಇಷ್ಟು ಗೊಂದಲವೇಕೆ?

ನನಗೆ ಬೋನಿನ ಮೇಲೆ ಹಗೆಯಿಲ್ಲ. ತೂತು ಮುಚ್ಚಿದ ಮೇಲೆ ಒಳಗೆ ಉಳಿದುಹೋದ ನಾಲ್ಕಾರು ಇಲಿಗಳನ್ನು ಹಿಡಿಯಲು ಅದು ಬೇಕು, ಸರಿಯಾದ ಅಳತೆಯದ್ದಾದರೆ ಹಿಡಿಯುತ್ತದೆ ಕೂಡ. ಆದರೆ ತೂತನ್ನು ತೆರೆದಿಟ್ಟು, ಓಣಿಯನ್ನು ಕೊಳೆಯಲು ಬಿಟ್ಟು, ಹೊಣೆಗಾರರೆಲ್ಲ ಕೈ ತೊಳೆದುಕೊಳ್ಳಲು ‘ಬೋನು ಇಡಿ’ ಎಂಬ ಎರಡು ಪದಗಳನ್ನು ಬಳಸುತ್ತಿದ್ದಾರಲ್ಲ, ಅದನ್ನು ನಾನು ಸಹಿಸಲಾರೆ. ಬೋನಿಗೆ ದಿನವೂ ತಿಂಡಿ ಸಿಕ್ಕಿಸುವವರು, ಖಾಲಿ ಬೋನನ್ನು ತೊಳೆಯುವವರು, ಸಿಕ್ಕಿದ್ದನ್ನು ವಿಲೇವಾರಿ ಮಾಡುವವರು ಈ ಎರಡು ಪದ ಹೇಳುವವರಲ್ಲಿ ಯಾರೂ ಅಲ್ಲ.

ಹೋದ ಭಾನುವಾರ ಮಾಲೀಕರು ಫೋನ್ ಮಾಡಿ, ತಮ್ಮ ಅಟ್ಟದಲ್ಲಿ ಅವರ ತಂದೆಯ ಕಾಲದ ಮರದ ಬೋನು ಇದೆಯೆಂದೂ, ಬೇಕಾದರೆ ಒಯ್ದು ಬಳಸಿ ಜೋಪಾನವಾಗಿ ಹಿಂದಿರುಗಿಸಬಹುದೆಂದೂ ಔದಾರ್ಯ ತೋರಿದರು. ನಾನು ಮೇಸ್ತ್ರಿಗೆ ಹೇಳಿದ್ದೇನೆ, ಈ ಶನಿವಾರ ಬರುತ್ತಾನೆ. ಜಾಲರಿ, ಸಿಮೆಂಟು, ಅವನ ಕೂಲಿ ಎಲ್ಲದರ ರಸೀದಿಯನ್ನು ಲಗತ್ತಿಸಿ, ಅಷ್ಟನ್ನು ಮುಂದಿನ ತಿಂಗಳ ಬಾಡಿಗೆಯಲ್ಲಿ ಕಳೆದುಕೊಂಡೇ ಉಳಿದ ಹಣವನ್ನು ಕಳುಹಿಸುತ್ತೇನೆ. ಕರಾರಿನ ಆ ಕಲಮನ್ನು ನನಗೆ ಓದಿ ಹೇಳಬೇಕೆಂದಿದ್ದರೆ ಅವರು ರಾತ್ರಿ ಎರಡು ಗಂಟೆಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕುಳಿತು ಓದಲಿ, ಬರುವಾಗ ಅಟ್ಟದ ಬೋನನ್ನೂ ತಂದರೆ ಕುಳಿತಲ್ಲಿಯೇ ಇಟ್ಟು ನೋಡಬಹುದು.